ಒಬ್ಬ ಕಮ್ಮಿ ಬಿದ್ದ ನಾಟಕ

ಈ ಸಲ ಸಂಕ್ರಾಂತಿ ಕಳೆದ ಮೇಲೆ ಅರಕಲಗೂಡು ಕಡೆಯ ಹಳ್ಳಿಯೊಂದರಿಂದ ಕುರುಕ್ಷೇತ್ರ ನಾಟಕಕ್ಕೆ ಸಾಮಾನು ಒಯ್ಯಲು ಬಂದವರು ಭೀಷ್ಮನ ಗಡ್ಡವನ್ನು ಎತ್ತಿ ಹಿಡಿದು ನೋಡಿ ಮುಖ ಸಿಂಡರಿಸಿದರು. "ಏನಕ್ಕ, ಎದೆಮಟ ಬರ್ಬೇಕಾದ ಗಡ್ಡ ಕತ್ತಿನತ್ರಕ್ಕೇ ನಿಂತೋಗೈತಲ್ಲ. ಭೀಷ್ಮ ಏನ್ ಕಟಿಂಗ್ ಶಾಪಿಗೆ ಓಗಿದ್ನಾ?" ಎಂದ ಅವರಲ್ಲೊಬ್ಬ. ನಾನು ನಗುತ್ತಾ ಅದನ್ನು ಕಸಿದುಕೊಂಡು ಪೆಟ್ಟಿಗೆಗೆ ಹಾಕಿ, ಹೊಸದನ್ನು ತೆಗೆದುಕೊಟ್ಟೆ. ಅವರು ಹೋದ ಮೇಲೂ ಪೆಟ್ಟಿಗೆಯ ಮುಚ್ಚಳ ಹಾಕಲು ಮನಸ್ಸಾಗಲಿಲ್ಲ. ಗಡ್ಡ ಅಂಟಿಸುವ ಗೋಂದಿನ ವಾಸನೆ, ನುಸಿಗುಳಿಗೆಯ ವಾಸನೆ, ಅವೆರಡರ ಕೆಳಗೆ ಹಳೇ ಉಣ್ಣೆ ಕೋಟುಗಳ ವಾಸನೆ. ಆ ವಾಸನೆಗೆ ಒಂದಿಡೀ ಸುಗ್ಗಿ ಎದ್ದು ಬಂದು ಎದುರಿಗೆ ನಿಂತಿತು. ಭೀಷ್ಮನ ಗಡ್ಡಕ್ಕೆ ಕತ್ತರಿ ಹಾಕಿದವಳು ನಾನೇ. ಯಹೂದಿಗಳಿಗೋಸ್ಕರ ಹಾಕಿದ್ದೆ.

ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ನಮ್ಮದು ನಾಟಕದ ಸೀನರಿ ಅಂಗಡಿ. ಕಿರೀಟ, ಗದೆ, ಬಿಲ್ಲು ಬಾಣ, ಜರಿ ಅಂಗಿ, ದರ್ಬಾರಿನ ಪರದೆ, ಕಾಡಿನ ಪರದೆ ಎಲ್ಲ ಬಾಡಿಗೆಗೆ ಸಿಗುತ್ತವೆ. ಬೇಕೆಂದರೆ ಬಣ್ಣ ಹಚ್ಚಲು ನಾನೇ ಹೋಗುತ್ತೇನೆ. ಅಪ್ಪ ಶುರು ಮಾಡಿದ ಅಂಗಡಿ, ಅವರು ಹೋದ ಮೇಲೆ ನನ್ನ ಕೈಗೆ ಬಂತು. ನಮ್ಮ ಯಜಮಾನರು ಬೆಳಗಾದರೆ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಸ್ಕೂಲಿಗೆ ಹೋಗುತ್ತಾರೆ, ನಾನು ಸ್ವರ್ಗ ನರಕ ಎರಡನ್ನೂ ಬಾಡಿಗೆಗೆ ಕೊಡುತ್ತಾ ಕೂರುತ್ತೇನೆ. ಭತ್ತದ ಕಣ ಖಾಲಿಯಾದಾಗಿನಿಂದ ಯುಗಾದಿ ಕಳೆಯುವವರೆಗೆ ನಮ್ಮ ಕಡೆ ಊರಿಗೊಬ್ಬ ದುರ್ಯೋಧನ ಹುಟ್ಟಿಕೊಳ್ಳುತ್ತಾನೆ. ಕೊರೊನಾ ಬಂದು ಅವರೆಲ್ಲ ಮನೆ ಹಿಡಿದು ಕೂತಾಗ ಕಿರೀಟಗಳೊಳಗೆ ಇಲಿ ಮರಿ ಹಾಕಿದ್ದವು. ಆ ಕೆಟ್ಟ ಕಾಲ ಕಳೆದು, ಹಳ್ಳಿಗಳಲ್ಲಿ ಮತ್ತೆ ಹಾರ್ಮೋನಿಯಂ ಸದ್ದು ಏಳತೊಡಗಿದ ಸುಗ್ಗಿಯಲ್ಲಿ ವಿನುತಾ ಮೇಡಂ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು.

ಮೇಡಂ ನಮ್ಮೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು. ಮೂಲ ಚನ್ನರಾಯಪಟ್ಟಣ. ನೋಡಲು ಕಡ್ಡಿಯ ಹಾಗೆ, ಮಾತು ಮಾತ್ರ ನೆಟ್ಟಗೆ.

"ಒಂಬತ್ತು ಗಡ್ಡ ಬೇಕಾಗಿತ್ತು ಪದ್ಮಕ್ಕ."

"ಋಷಿಗಳ ಗಡ್ಡನೋ, ಬರೀ ಮುದುಕರದೋ?"

"ಯಹೂದಿಗಳದು."

"ಅವರು ಯಾವ ಕಡೆಯೋರು ಮೇಡಂ?" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಯಾವುದೋ ಪುರಾಣದ ಪಂಗಡ ಇರಬೇಕು ಅಂದುಕೊಂಡೆ.

ಅವರು ನಗಲಿಲ್ಲ. ಬಾಡಿಗೆಗೆಂದು ಹೊರಗಿಟ್ಟಿದ್ದ ಧರ್ಮರಾಯನ ಸಿಂಹಾಸನದ ಮೇಲೆ ಕೂತು, ಕಾಲೇಜಿನ ಹುಡುಗರಿಗೆ ಹೇಳುವ ಹಾಗೆ ಹೇಳಿದರು. ಸ್ವಂತ ನಾಡು ಕಳೆದುಕೊಂಡು ದೇಶದೇಶಕ್ಕೆ ಚೆದುರಿದ ಜನ. ಎಲ್ಲಿ ಹೋದರೂ ಊರ ಹೊರಗಿನವರೇ. ಬೆಳೆ ಹೋದರೆ ಇವರ ಮೇಲೆ ಸಿಟ್ಟು, ರೋಗ ಬಂದರೆ ಇವರ ಮೇಲೆ ಗುಮಾನಿ. ತಲೆಮಾರುಗಟ್ಟಲೆ ಪಕ್ಕದಲ್ಲೇ ಬದುಕಿದವರು ಒಂದು ದಿನ ದೊಣ್ಣೆ, ಪಂಜು ಹಿಡಿದು ಇವರ ಬೀದಿಗೆ ನುಗ್ಗುತ್ತಿದ್ದರಂತೆ. ಆಮೇಲೆ ದೊಡ್ಡ ಯುದ್ಧದ ಕಾಲದಲ್ಲಿ ಲಕ್ಷಗಟ್ಟಲೆ ಜನರನ್ನು ರೈಲಿಗೆ ತುಂಬಿ ಒಯ್ದು ಕೊಂದರಂತೆ. "ಇಷ್ಟಾದರೂ ಅವರು ದೇವರ ಜೊತೆ ಜಗಳ ಆಡೋದನ್ನ ಬಿಡಲಿಲ್ಲ ಪದ್ಮಕ್ಕ. ತಮಾಷೆ ಮಾಡೋದನ್ನೂ ಬಿಡಲಿಲ್ಲ. ಅದಕ್ಕೇ ನನಗೆ ಅವರು ಬೇಕು" ಎಂದರು.

ಅವರು ಬರೆದಿದ್ದ ನಾಟಕದ ಹೆಸರು 'ಒಬ್ಬ ಕಮ್ಮಿ'. ಚಳಿ ದೇಶದ ಒಂದು ಸಣ್ಣ ಊರು. ಹಿಂದಿನ ದಿನ ಯಹೂದಿಗಳ ಬೀದಿಗೆ ಬೆಂಕಿ ಬಿದ್ದಿದೆ. ಉಳಿದಿರುವುದು ಒಂಬತ್ತು ಗಂಡಸರು. ಅವರ ಶಾಸ್ತ್ರದಲ್ಲಿ ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಜನ ಕೂಡಲೇಬೇಕು. ಒಬ್ಬ ಕಮ್ಮಿ. ಅರ್ಧ ಸುಟ್ಟ ಪ್ರಾರ್ಥನಾ ಮಂದಿರದಲ್ಲಿ ಕೂತು ಹತ್ತನೆಯವನಿಗಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಬೆಳಿಗ್ಗೆಯಷ್ಟೇ ಸತ್ತ ದರ್ಜಿಯ ಮೈ ಇನ್ನೂ ಬೆಚ್ಚಗಿದೆ, ಅವನನ್ನೇ ಎಣಿಸೋಣ ಅನ್ನುತ್ತಾನೆ ಒಬ್ಬ. ಅವನನ್ನು ಎಣಿಸಿದರೆ ಅವನಿಗೋಸ್ಕರ ಅಳುವವರು ಯಾರು ಅನ್ನುತ್ತಾನೆ ಇನ್ನೊಬ್ಬ. ಕೊನೆಗೆ ಒಬ್ಬ ಮುದುಕ, ದೇವರನ್ನೇ ಹತ್ತನೆಯವನಾಗಿ ಸೇರಿಸಿಕೊಂಡರೆ ಹೇಗೆ ಅನ್ನುತ್ತಾನೆ. ಬೆಂಕಿ ಬಿದ್ದಾಗ ಎಲ್ಲಿದ್ದ ಅಂತ ಅವನು ಮೊದಲು ಹೇಳಲಿ, ಆಮೇಲೆ ಸೇರಿಸೋಣ ಅಂತ ಮಿಕ್ಕವರು ಪಟ್ಟು ಹಿಡಿಯುತ್ತಾರೆ. ಅಲ್ಲಿಂದ ದೇವರ ಮೇಲೆ ಪಂಚಾಯ್ತಿ ನಡೆಯುತ್ತದೆ. ಕಟ್ಟಕಡೆಗೆ ಬಾಗಿಲ ಹತ್ತಿರ ಹೆಜ್ಜೆ ಸದ್ದು. ಮುದುಕ ಓಡಿಹೋಗಿ ಬಾಗಿಲು ತೆಗೆಯುತ್ತಾನೆ. ಯಾರೂ ಇಲ್ಲ. ಒಂಬತ್ತೂ ಜನ ತೆರೆದ ಬಾಗಿಲು ನೋಡುತ್ತಾ ಕೂರುತ್ತಾರೆ. ಪ್ರಾರ್ಥನೆ ಆಗುವುದೇ ಇಲ್ಲ. ಪರದೆ.

"ಹೆಂಗಸರು ಒಬ್ಬರೂ ಉಳಿದಿಲ್ಲವಾ?" ಎಂದು ಕೇಳಿದೆ.

"ಒಬ್ಬಳಿದ್ದಾಳೆ. ವಿಧವೆ. ಅಡುಗೆ ಮಾಡ್ತಿರ್ತಾಳೆ. ಆ ಕಾಲದಲ್ಲಿ ಹೆಂಗಸರನ್ನ ಲೆಕ್ಕಕ್ಕೆ ಹಿಡೀತಿರಲಿಲ್ಲ. ಅವಳು ನಾಟಕದ ಉದ್ದಕ್ಕೂ ಒಂದೇ ಮಾತು ಹೇಳ್ತಾಳೆ, ನನ್ನ ಎಣಿಸಿದ್ದಿದ್ರೆ ಇಷ್ಟೊತ್ತಿಗೆ ಪ್ರಾರ್ಥನೆ ಮುಗಿದು ಊಟಕ್ಕೆ ಕೂರಬಹುದಿತ್ತು ಅಂತ."

"ಆ ಪಾರ್ಟು ನಂದೇ" ಎಂದೆ. ಇಷ್ಟು ವರ್ಷ ಬೇರೆಯವರಿಗೆ ಬಣ್ಣ ಹಚ್ಚಿ ಕಳಿಸಿದವಳು, ಆ ಮಾತಿಗೆ ಸೋತುಹೋದೆ.

ಇದೆಲ್ಲ ಯಾತಕ್ಕೆ ಅಂತಲೂ ಅವರು ಆವತ್ತೇ ಹೇಳಿದರು, ಮುಚ್ಚುಮರೆ ಮಾಡಲಿಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಅವರ ತಂದೆ ಚನ್ನರಾಯಪಟ್ಟಣದ ಮನೆಯಲ್ಲೇ ತೀರಿಕೊಂಡಿದ್ದರು. ಕೃಷ್ಣಪ್ಪ ಅಂತ, ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಬೀದಿಯವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟವರು. ಹೆಣ ಎತ್ತಲು ನಾಲ್ಕು ಜನ ಬೇಕಿತ್ತು. ಆಂಬುಲೆನ್ಸಿನ ಡ್ರೈವರು, ಅವನ ಜೊತೆಗೆ ಬಂದಿದ್ದವನು, ಮೇಡಂ. ಮೂರೇ ಜನ. ಎದುರುಮನೆಯ ಸೋಮಣ್ಣನವರ ಬಾಗಿಲು ಬಡಿದರೆ ಒಳಗೆ ಉರಿಯುತ್ತಿದ್ದ ಲೈಟು ಆರಿಹೋಯಿತಂತೆ. ಮೂರು ಜನವೇ ಎಳೆದಾಡಿ ಆಂಬುಲೆನ್ಸಿಗೆ ಹತ್ತಿಸಿದ್ದರು.

"ಯಾರೂ ಬರಲಿಲ್ಲ ಅಂದ್ರೆ ಏನು ಅಂತ ಈ ಜನ ಒಂದು ಸಲ ಸುಮ್ಮನೆ ಕೂತು ನೋಡಬೇಕು ಪದ್ಮಕ್ಕ. ಕೊನೇಲಿ ಆ ಬಾಗಿಲು, ಆ ಮೌನ. ನನಗೆ ಅಷ್ಟೇ ಸಾಕು. ಊರಿಗೆ ಹೋಗಿ ಅಲ್ಲೂ ಆಡಿಸ್ತೀನಿ" ಎಂದರು. ದುಃಖಕ್ಕಿಂತ ಅವರಲ್ಲಿ ಇದ್ದದ್ದು ಸಿಟ್ಟು. ನನಗೆ ಆ ಸಿಟ್ಟು ಬಹಳ ಹಿಡಿಸಿತು.

ಗಡ್ಡ ನನ್ನ ಜವಾಬ್ದಾರಿ. ಭೀಷ್ಮ, ದ್ರೋಣ, ಕೃಪ, ವಿದುರ, ಹೀಗೆ ಕುರುಸಭೆಯ ಅಷ್ಟೂ ಹಿರಿಯರ ಗಡ್ಡಗಳಿಗೆ ಕತ್ತರಿ ಬಿತ್ತು. ಕೋಟುಗಳು ಹಾಸನದ ಸಂತೆಯಲ್ಲಿ ಹಳೇ ಬಟ್ಟೆ ಮಾರುವವನ ಹತ್ತಿರ ಸಿಕ್ಕವು. ಒಂದು ಕೋಟು ಮಾತ್ರ ಮದುವೆ ಬ್ಯಾಂಡಿನದು, ಅದರ ಕೆಂಪು ಪಟ್ಟಿ ಬಿಚ್ಚುವಷ್ಟರಲ್ಲಿ ನನ್ನ ಬೆರಳಿಗೆ ಬೊಬ್ಬೆ ಎದ್ದಿತು.

ಆಡುವವರು ಬೇಕಲ್ಲ. ನಮ್ಮ ಕಡೆ ನಟರು ಅಂದರೆ ಕುರುಕ್ಷೇತ್ರದವರೇ. ಅರಕಲಗೂಡು ತಾಲ್ಲೂಕಿನ ನಂಜೇಗೌಡರು, ಶುಂಠಿ ಬೆಳೆಯುವವರು, ಮೂವತ್ತು ವರ್ಷದಿಂದ ದುರ್ಯೋಧನ ಬಿಟ್ಟು ಬೇರೆ ಪಾರ್ಟು ಕಟ್ಟಿದವರಲ್ಲ. ಅವರನ್ನು ಅಂಗಡಿಗೆ ಕರೆಸಿ ಮೇಡಂ ಎದುರಿಗೆ ಕೂರಿಸಿದೆ.

"ಪದ್ಯ ಎಷ್ಟವೆ ಮೇಡಮ್ಮು?" ಇದು ಅವರ ಮೊದಲ ಪ್ರಶ್ನೆ.

"ಒಂದೂ ಇಲ್ಲ ಗೌಡ್ರೇ."

"ಯುದ್ಧ?"

"ಯುದ್ಧ ಅಲ್ಲ, ಬರೀ ಸಾಯಿಸೋದು. ಅದೂ ಮುಗಿದುಹೋಗಿರುತ್ತೆ. ಉಳಿದೋರು ಕೂತು ಮಾತಾಡ್ತಾರೆ."

ಗೌಡರು ಎಲೆಯಡಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿಕೊಂಡು ಯೋಚಿಸಿದರು. "ಕುರುಕ್ಷೇತ್ರದ ಮಾರ್ನೇ ದಿನ ಅನ್ನಿ. ಅದುನ್ನ ಯಾರೂ ಆಡಕಿಲ್ಲ. ನಾ ಆಡ್ತೀನಿ ಬುಡಿ" ಎಂದರು. ಅವರು ಒಪ್ಪಿದ ಮೇಲೆ ಉಳಿದವರು ತಾವಾಗಿಯೇ ಬಂದರು. ಹಾರ್ಮೋನಿಯಂ ಶಿವಣ್ಣ ಮೇಷ್ಟ್ರೂ ಬಂದರು, ಯಾರೂ ಕರೆದಿರಲಿಲ್ಲ.

ಅಕ್ಕಿ ಗಿರಣಿಯ ಹಿಂದಿನ ಗೋಡೌನಿನಲ್ಲಿ ಪ್ರಾಕ್ಟೀಸು. ತೌಡಿನ ಧೂಳಿಗೆ ಒಂಬತ್ತೂ ಯಹೂದಿಗಳು ಸೀನುತ್ತಿದ್ದರು. ಗೌಡರು ದೇವರನ್ನು ಪ್ರಶ್ನೆ ಮಾಡುವಾಗ ತೊಡೆ ತಟ್ಟಿಬಿಡುತ್ತಿದ್ದರು. "ಗೌಡ್ರೇ, ಇವನು ರಾಜ ಅಲ್ಲ, ಬೂಟು ಹೊಲಿಯೋ ಮುದುಕ" ಅಂತ ಮೇಡಂ ಹೇಳಿ ಹೇಳಿ ಸುಸ್ತಾದರು. "ಕೈ ತಾನೇ ಓಯ್ತದೆ ಕಣವ್ವ, ನಾನೇನ್ ಮಾಡ್ಲಿ" ಅನ್ನುವುದು ಗೌಡರ ಉತ್ತರ. ಕೊನೆಗೆ ಅವರ ಎರಡೂ ಕೈಗೆ ಒಂದೊಂದು ಹಳೇ ಬೂಟು ಕೊಟ್ಟೆವು. ಆಮೇಲೆ ಸರಿಹೋಯಿತು.

ಬಸ್ ಕಂಡಕ್ಟರ್ ಲೋಕೇಶ ಒಂದು ದಿನ ಯಾವುದೋ ಸಿನಿಮಾದಲ್ಲಿ ಕಂಡ ಯಹೂದಿ ಲೇವಾದೇವಿಗಾರನನ್ನು ನೆನೆಸಿಕೊಂಡು ಬೆನ್ನು ಬಗ್ಗಿಸಿ, ಬೆರಳು ಉಜ್ಜುತ್ತಾ, ದುಡ್ಡು ಎಣಿಸುವ ಜಿಪುಣನ ಹಾಗೆ ನಡೆದುಬಂದ. ಎಲ್ಲರೂ ನಕ್ಕರು. ಮೇಡಂ ಮಾತ್ರ ಪ್ರಾಕ್ಟೀಸನ್ನೇ ನಿಲ್ಲಿಸಿದರು. "ಹೀಗೆ ನಕ್ಕೂ ನಕ್ಕೂ ಕಡೆಗೆ ಅವರ ಮನೆ ಸುಟ್ಟಿದ್ದು ಲೋಕೇಶ. ನಮ್ಮ ನಾಟಕದಲ್ಲಿ ತಮಾಷೆ ಮಾಡೋರು ಅವರು. ಅವರನ್ನ ತಮಾಷೆ ಮಾಡೋ ಹಾಗಿಲ್ಲ" ಎಂದರು. ಲೋಕೇಶ ಬೆನ್ನು ನೆಟ್ಟಗೆ ಮಾಡಿದ. ಅದಾದ ಮೇಲೆ ಅವನಷ್ಟು ಚೆನ್ನಾಗಿ ಯಾರೂ ಆಡಲಿಲ್ಲ.

ಮೊದಲ ಪ್ರದರ್ಶನ ಹೊಳೆನರಸೀಪುರದಲ್ಲೇ, ಬಿಸಿಲು ಇಳಿದ ಮೇಲೆ, ಕಾಲೇಜಿನ ಮೈದಾನದಲ್ಲಿ. ಅದಕ್ಕೂ ಮೊದಲು ಒಂದು ತಕರಾರು ಎದ್ದಿತು. ರಂಗದ ಪೂಜೆ ಮಾಡಿ ಕಾಯಿ ಒಡೆಯದೆ ನಮ್ಮವರು ಬಣ್ಣ ಮುಟ್ಟುವುದಿಲ್ಲ. ಮೇಡಂ ತಲೆ ಚಚ್ಚಿಕೊಂಡರು. "ದೇವರನ್ನ ಕಟಕಟೆ ಹತ್ತಿಸೋ ನಾಟಕಕ್ಕೆ ದೇವರ ಪೂಜೆ ಮಾಡ್ತೀರಾ?"

"ಬೈಸ್ಕಳೋನ್ಗೆ ಒಂದ್ ಮಾತು ಏಳ್ದೆ ಬೈಯ್ಯಕಾಯ್ತದಾ?" ಎಂದು ಗೌಡರು ಕಾಯಿ ಒಡೆದೇ ಒಡೆದರು. ಎರಡೂ ಹೋಳು ಚೆನ್ನಾಗಿ ಬಂದವು. ಒಪ್ಪಿಗೆ ಸಿಕ್ಕಿತು ಅಂತ ಎಲ್ಲರೂ ಖುಷಿಯಿಂದ ಗಡ್ಡಕ್ಕೆ ಮುಖ ಒಡ್ಡಿದರು.

ಜನ ನಗಬೇಕಾದಲ್ಲಿ ನಕ್ಕರು. ನನ್ನ ಊಟದ ಮಾತಿಗೆ ಹೆಂಗಸರ ಕಡೆಯಿಂದ ಶಿಳ್ಳೆ ಬಂತು, ಇಂದಿಗೂ ಅದು ನನ್ನ ಕಿವಿಯಲ್ಲಿದೆ. ಕೊನೆಗೆ ಗೌಡರು ಬಾಗಿಲು ತೆಗೆದರು. ಯಾರೂ ಇಲ್ಲ. ಮೈದಾನ ಗಪ್‌ಚಿಪ್. ಮೇಡಂ ಪರದೆಯ ಪಕ್ಕ ಉಸಿರು ಬಿಗಿಹಿಡಿದು ನಿಂತಿದ್ದರು. ಆಗ ಶಿವಣ್ಣ ಮೇಷ್ಟ್ರ ಹಾರ್ಮೋನಿಯಂ ಎದ್ದಿತು. ಮಂಗಳ ಹಾಡಿಬಿಟ್ಟರು. ಪಾರ್ಟಿನವರು ಮಾತು ಮರೆತು ಕೂತಿದ್ದಾರೆ, ಮಾನ ಉಳಿಸೋಣ ಅಂತ ಅವರ ಲೆಕ್ಕ. ನಾಟಕದ ಮಧ್ಯೆ ಸದ್ದು ನಿಂತರೆ ಮೇಷ್ಟ್ರ ಕೈ ಸುಮ್ಮನಿರುವುದಿಲ್ಲ, ಅವರ ಜನ್ಮವೇ ಹಾಗೆ.

ಅರಕಲಗೂಡಿನಲ್ಲಿ ಹಾರ್ಮೋನಿಯಮ್ಮನ್ನು ಟೆಂಪೊದಲ್ಲೇ ಬಿಟ್ಟು ಬೀಗ ಹಾಕಿದೆವು. ಅಲ್ಲಿ ಇನ್ನೊಂದು ಥರ ಆಯಿತು. ಗೌಡರು ಅವರ ತಾಲ್ಲೂಕಿನ ಹುಲಿ. ಬಾಗಿಲು ತೆಗೆದ ಅವರ ಠೀವಿಗೆ ಹಿಂದಿನಿಂದ ಯಾರೋ "ಒನ್ಸ್ ಮೋರ್" ಎಂದು ಕೂಗಿದರು. ಮೂವತ್ತು ವರ್ಷದಲ್ಲಿ ಆ ಕೂಗು ಬಂದಾಗ ಗೌಡರು ಹಿಂತಿರುಗಿ ಪದ್ಯ ಹೇಳದೇ ಬಿಟ್ಟದ್ದಿಲ್ಲ. ಸುಮ್ಮನೆ ಹೋಗಿ ಬಾಗಿಲು ಹಾಕಿ, ಮತ್ತೆ ಹೆಜ್ಜೆ ಸದ್ದು ಕೇಳಿದವರ ಹಾಗೆ ಕಿವಿಗೊಟ್ಟು, ಮತ್ತೆ ಓಡಿಹೋಗಿ ತೆಗೆದರು. ಮತ್ತೆ ಯಾರೂ ಇಲ್ಲ. ಚಪ್ಪಾಳೆಯೋ ಚಪ್ಪಾಳೆ. ಒಬ್ಬರು ಬಂದು ಅವರ ಸುಟ್ಟ ಕೋಟಿಗೆ ನೋಟು ಪಿನ್ನು ಮಾಡಿ ಹೋದರು. ನಾನು ಸೌಟು ಅಡ್ಡ ಹಿಡಿದುಕೊಂಡು ನಕ್ಕೆ. ಪರದೆಯ ಪಕ್ಕದಲ್ಲಿ ಮೇಡಂ ಮುಖ ಮುಚ್ಚಿಕೊಂಡಿದ್ದರು. ಅತ್ತರೋ ಅಂತ ಗಾಬರಿಯಾಗಿ ನೋಡಿದರೆ ಅವರೂ ನಗುತ್ತಿದ್ದರು, ಸಿಟ್ಟಿನಲ್ಲೇ.

"ನನಗೆ ಒಂದೇ ಒಂದು ನಿಮಿಷ ಮೌನ ಕೊಡಿಸಿ ಪದ್ಮಕ್ಕ. ಈ ಜಿಲ್ಲೆಯಲ್ಲಿ ಅದು ಸಿಗಲ್ವಾ?" ಎಂದರು.

ಮಲ್ಲಿಪಟ್ಟಣದಲ್ಲಿ ಸಿಗುತ್ತದೆ ಅಂದುಕೊಂಡೆವು. ಸ್ಕೂಲಿನ ಜಗಲಿಯೇ ರಂಗ, ಮುಂದೆ ನಾಲ್ಕು ಮೆಟ್ಟಿಲು, ಅಂಗಳದಲ್ಲಿ ಜನ ಚಾಪೆ ಹಾಕಿಕೊಂಡು ಕೂತಿದ್ದರು. ಮೊದಲೇ ಮೈಕಿನಲ್ಲಿ ಹೇಳಿದ್ದೆವು, ಒನ್ಸ್ ಮೋರ್ ಇಲ್ಲ, ನೋಟು ಇಲ್ಲ, ಕೊನೆಗೆ ಯಾರೂ ಮಾತಾಡಬಾರದು. ಪಾಪ, ಯಾರೂ ಮಾತಾಡಲಿಲ್ಲ. ಗೌಡರು ಬಾಗಿಲು ತೆಗೆದರು. ಯಾರೂ ಇಲ್ಲ. ಮೇಡಂ ಬಯಸಿದ್ದ ಮೌನ ಬಂದೇಬಂತು.

ಆಗ ಚಾಪೆಯಿಂದ ಒಬ್ಬರು ಎದ್ದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಹೊರಕ್ಕೆ ಹೊರಟರು ಅಂದುಕೊಂಡರೆ ನೇರ ನಮ್ಮ ಕಡೆಗೆ ಬಂದು, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಮೇಲಕ್ಕೆ ಹತ್ತಿದರು. ಅವರ ಹೆಸರು ದ್ಯಾವಣ್ಣ ಅಂತ ಆಮೇಲೆ ತಿಳಿಯಿತು.

"ನಾ ಬತ್ತೀನಿ ಕಣ್ರಪ್ಪ. ಆಗ್ಲಿಂದ ನೋಡ್ತಾ ಕುಂತಿವ್ನಿ, ಒಬ್ಬ್ರಿಗೋಸ್ಕರ ಇಷ್ಟೊಂದ್ ಪರದಾಡ್ತಾ ಇದ್ದೀರಿ. ಸುರು ಮಾಡ್ಕಳಿ."

ಒಂಬತ್ತು ಯಹೂದಿಗಳೂ ಬಿಟ್ಟ ಕಣ್ಣು ಬಿಟ್ಟಹಾಗೆ ಕೂತರು. ನಾನು ಸೌಟು ಕೆಳಗಿಟ್ಟೆ. ನಾಟಕ ಅನ್ನುವುದು ಆ ಮನುಷ್ಯರಿಗೆ ಗೊತ್ತಿರಲಿಲ್ಲವೆಂದಲ್ಲ, ಅವರೂ ಕಾಲಕಾಲಕ್ಕೆ ಶಕುನಿ ಪಾರ್ಟು ಕಟ್ಟಿದವರಂತೆ. ಆದರೆ ಸಾವಿನ ಮನೆಯಲ್ಲಿ ಆಳು ಸಾಲದು ಅಂದಾಗ ಕೂತು ನೋಡಿ ಅವರಿಗೆ ಅಭ್ಯಾಸವಿರಲಿಲ್ಲ. ಕೊನೆಗೆ ಲೋಕೇಶನೇ ಹೇಗೋ ಬಾಯಿಬಿಟ್ಟ. "ನೀವು ನಮ್ಮೋರಲ್ವಲ್ಲ ಯಜಮಾನ್ರೇ."

"ಸಾವಿನ್ ಮನೇಲಿ ಅದುನ್ನ ಯಾರ್ ಕೇಳ್ತಾರ್ಲಾ? ಎಣಿಸ್ಕೊ" ಎಂದರು ದ್ಯಾವಣ್ಣ.

ತೊಂದರೆ ಏನೆಂದರೆ, ನಾಟಕದಲ್ಲಿ ಪ್ರಾರ್ಥನೆಯೇ ಇರಲಿಲ್ಲ. ಆಗದ ಪ್ರಾರ್ಥನೆಯನ್ನು ಮೇಡಂ ಯಾಕೆ ಬರೆಯುತ್ತಾರೆ? ದ್ಯಾವಣ್ಣ ಕೈಮುಗಿದು ಕಾಯುತ್ತಾ ನಿಂತಿದ್ದರು. ಗೌಡರು ಒಂದು ಗಳಿಗೆ ಅವರ ಮುಖ ನೋಡಿದರು. ಕೈಯಲ್ಲಿದ್ದ ಬೂಟುಗಳನ್ನು ಕೆಳಗಿಟ್ಟು, ಮೊದಲ ದೃಶ್ಯದಲ್ಲಿ ಹೇಳುವ ಸತ್ತವರ ಹೆಸರುಗಳನ್ನು ಮತ್ತೆ ಹೇಳತೊಡಗಿದರು. ರೊಟ್ಟಿ ಸುಡುವ ಹೆರ್ಷೆಲ್. ಹಾಲಿನ ಬೈಲಾ. ದರ್ಜಿ ಯಾಂಕೆಲ್. ಆ ಧ್ವನಿಯಲ್ಲಿ ದುರ್ಯೋಧನ ಒಂದು ಚೂರೂ ಇರಲಿಲ್ಲ.

"ನಮ್ ತಮ್ಮ ಈರಭದ್ರನ್ ಎಸ್ರೂ ಸೇರುಸ್ಕಳಿ" ಎಂದರು ದ್ಯಾವಣ್ಣ. "ಕೊರೊನಾದಲ್ಲಿ ಓದ. ಹಾಸನದಾಗೇ ಸುಟ್ಬುಟ್ರು, ಮೊಕ ನೋಡಕ್ಕೂ ಬುಡ್ನಿಲ್ಲ."

"ಮಲ್ಲಿಪಟ್ಟಣದ ವೀರಭದ್ರ" ಎಂದರು ಗೌಡರು, ಯಾಂಕೆಲ್‌ನ ಹೆಸರು ಹೇಳಿದ ಅದೇ ದನಿಯಲ್ಲಿ. ಅಂಗಳದಲ್ಲಿ ಯಾರೋ ಸೆರಗು ಬಾಯಿಗಿಟ್ಟುಕೊಂಡ ಸದ್ದು ಕೇಳಿತು. ಪರದೆ ಬಿಡುವವನು ಹಗ್ಗ ಹಿಡಿದು ಮರೆತೇ ನಿಂತಿದ್ದ.

ವಾಪಸು ಬರುವಾಗ ಟೆಂಪೊದಲ್ಲಿ ಎಲ್ಲರಿಗೂ ಸಂಭ್ರಮ. ಮೇಡಂ ಮಾತ್ರ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ಒಮ್ಮೆಲೇ ತಿರುಗಿ, "ಆ ಶಾಸ್ತ್ರದ ಪ್ರಕಾರ ದ್ಯಾವಣ್ಣ ಲೆಕ್ಕಕ್ಕೇ ಬರಲ್ಲ" ಎಂದರು. "ಆ ಬಾಗಿಲಿಗೆ ಯಾರೂ ಬರಬಾರದು ಗೌಡ್ರೇ. ಯಾರಾದ್ರೂ ಬಂದುಬಿಟ್ರೆ, ನಮ್ಮಪ್ಪಂಗೆ ಆಗಿದ್ದು ಸುಳ್ಳು ಅಂದ ಹಾಗಾಗುತ್ತೆ."

ಗೌಡರು ಗಡ್ಡದ ಅಂಟು ಉಜ್ಜಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು. "ಸುಳ್ಳು ಎಂಗಾದದು ಕಣವ್ವ. ಆವತ್ ಬರ್ನಿಲ್ಲ. ಇವತ್ ಬಂದ್ರು. ಎಲ್ಡೂ ನಡ್ದಿದ್ದೇಯ."

ಮೇಡಂ ಒಪ್ಪಲಿಲ್ಲ. ಹಾಸನದ ದೊಡ್ಡ ಸಭಾಂಗಣದಲ್ಲಿ ಪ್ರದರ್ಶನವಿತ್ತು, ಅಲ್ಲಿ ಯಾರೂ ಎದ್ದುಬರುವ ಹಾಗಿಲ್ಲ ಅಂತ ಅವರಿಗೆ ಧೈರ್ಯ. ನಿಜಕ್ಕೂ ಯಾರೂ ಬರಲಿಲ್ಲ. ಮೆತ್ತನೆ ಕುರ್ಚಿ, ಕತ್ತಲೆ, ಓದಿಕೊಂಡ ಜನ. ಬಾಗಿಲು ತೆರೆಯಿತು, ಮೌನ ಬಂತು, ಬೇಕಾದಷ್ಟು ಹೊತ್ತು ನಿಂತಿತು, ಪರದೆ ಬಿತ್ತು. ಆಮೇಲೆ ದೊಡ್ಡವರೆಲ್ಲ ಒಳಗೆ ಬಂದು ಕೈಕುಲುಕಿ, ಅದ್ಭುತ ಅಂತ್ಯ ಅಂದು ಹೋದರು. ನಾನು ಗಡ್ಡಗಳನ್ನು ಬಿಡಿಸುತ್ತಾ ಕೂತಿದ್ದೆ. ಮೇಡಂ ಬಂದು ಪಕ್ಕದ ಪೆಟ್ಟಿಗೆಯ ಮೇಲೆ ಕುಸಿದರು.

"ನಾನು ಅಂದುಕೊಂಡ ಹಾಗೇ ಆಯ್ತು ಪದ್ಮಕ್ಕ."

"ಆಯ್ತಲ್ಲ ಮೇಡಂ. ಮತ್ತೆ ಮುಖ ಯಾಕೆ ಹೀಗಿದೆ?"

"ಗೊತ್ತಿಲ್ಲ. ಯಾರಾದ್ರೂ ಏಳ್ತಾರಾ ಅಂತ ನೋಡ್ತಾ ಇದ್ದೆ" ಎಂದರು.

ಡಬ್ಬಿಯಲ್ಲಿ ಉಳಿದಿದ್ದ ಹುಳಿ ಅನ್ನ ಕೊಟ್ಟೆ, ಇಬ್ಬರೂ ಹಂಚಿಕೊಂಡು ತಿಂದೆವು.

ಯುಗಾದಿಗೆ ಮುಂಚೆ ಕೊನೆಯದು ಚನ್ನರಾಯಪಟ್ಟಣ. ಮೇಡಂ ಅವರ ಬೀದಿಯ ತುದಿಯ ಬಯಲಿನಲ್ಲಿ ನಾಟಕಕ್ಕೆ ಹಲಗೆಯ ಅಟ್ಟ ಕಟ್ಟಿಸಿದ್ದೆವು. ಆ ಮಧ್ಯಾಹ್ನ ಸೆಖೆಗೆ ಮುಖದ ಬಣ್ಣ ಕರಗುತ್ತಿತ್ತು. ಬೀದಿಯವರೆಲ್ಲ ಬಂದು ಕೂತರು. ಪರದೆಯ ಸಂದಿಯಿಂದ ನೋಡಿ, ಎರಡನೇ ಸಾಲಿನಲ್ಲಿ ಬಿಳಿ ಅಂಗಿ ಹಾಕಿದವರು ಎದುರುಮನೆಯ ಸೋಮಣ್ಣ ಅಂತ ಮೇಡಂ ತೋರಿಸಿದರು. ಮಲ್ಲಿಪಟ್ಟಣದ ಸುದ್ದಿ ಅಷ್ಟರಲ್ಲಿ ಜಿಲ್ಲೆಯಲ್ಲೆಲ್ಲ ಹರಡಿತ್ತು. ಇಲ್ಲಿ ಯಾರೂ ಏಳದಿದ್ದರೆ? ಆ ಹೆಣ್ಣುಮಗಳ ಎದುರಿಗೆ ಅದೇ ಬೀದಿ ಎರಡನೇ ಸಲ ಸುಮ್ಮನೆ ಕೂತುಬಿಟ್ಟರೆ? ನನ್ನ ಮಾತಿಗೆ ಜನ ನಕ್ಕರು, ನನಗೆ ಸಂತೋಷವೇ ಆಗಲಿಲ್ಲ.

ಗೌಡರು ಬಾಗಿಲು ತೆಗೆದರು. ಯಾರೂ ಇಲ್ಲ.

ಮಲ್ಲಿಪಟ್ಟಣದಲ್ಲಿ ದ್ಯಾವಣ್ಣ ಬೇಗ ಎದ್ದಿದ್ದರು. ಇಲ್ಲಿ ಯಾರೂ ಅಲುಗಾಡಲಿಲ್ಲ. ಕೂತವರು ಬಾಗಿಲನ್ನು ಬಿಟ್ಟು ನೆಲ ನೋಡುತ್ತಿದ್ದರು. ಬಯಲಾಚೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಪರದೆಯ ಹಗ್ಗ ಹಿಡಿದವನು ಮೇಡಂ ಕಡೆ ನೋಡಿದ. ಬಿಡು ಅಂತ ಅವರು ಕೈ ಎತ್ತಿದ್ದನ್ನು ನಾನು ಕಂಡೆ.

ಎರಡನೇ ಸಾಲಿನಲ್ಲಿ ಬಿಳಿ ಅಂಗಿ ಎದ್ದಿತು. ಸೋಮಣ್ಣನಿಗೆ ಮಂಡಿನೋವು. ಮೆಟ್ಟಿಲು ಹತ್ತಲಾಗದೆ ಅಂಚು ಹಿಡಿದು ನಿಂತರು. ಲೋಕೇಶ ಕೈಕೊಟ್ಟು ಎಳೆದುಕೊಂಡ. ಅವರು ನಮ್ಮ ಯಾರ ಮುಖವನ್ನೂ ನೋಡಲಿಲ್ಲ, ಮೇಡಂ ನಿಂತಿದ್ದ ಪಕ್ಕಕ್ಕೆ ತಿರುಗಿದರು. "ನಾನು ಒಳಗೇ ಇದ್ದೆ ಕಣವ್ವ" ಎಂದರು. "ಎಚ್ಚರವಾಗೇ ಇದ್ದೆ. ಎದ್ರುಕಂಡ್ಬುಟ್ಟೆ. ಕೃಷ್ಣಪ್ಪನ್ ಎಸ್ರು ನಾನೇ ಏಳ್ತೀನಿ."

ಹೇಳಿದರು. ಗೌಡರು ಅದನ್ನು ಮತ್ತೆ ಗಟ್ಟಿಯಾಗಿ ಹೇಳಿದರು. ಅಷ್ಟರಲ್ಲಿ ಅವರ ಹಿಂದೆ ಇನ್ನೊಬ್ಬರು ಎದ್ದಿದ್ದರು. ಆಮೇಲೆ ಹಾಲಿನ ಡೈರಿಯವನು, ಆಮೇಲೆ ಇಬ್ಬರು ಅಣ್ಣತಮ್ಮಂದಿರು, ಆಮೇಲೆ ಹೆಂಗಸರು, ಮಗು ಸೊಂಟದ ಮೇಲೆ ಇಟ್ಟುಕೊಂಡವರೂ. ಪ್ರತಿಯೊಬ್ಬರ ಬಾಯಲ್ಲೂ ಒಂದು ಹೆಸರು. ಹೆರ್ಷೆಲ್, ಬೈಲಾ, ಯಾಂಕೆಲ್ ಜೊತೆಗೆ ಗೌರಮ್ಮ, ಬಷೀರ್ ಸಾಬ್ರು, ಪುಟ್ಟಸ್ವಾಮಿ. ಹೆಂಗಸರನ್ನು ಎಣಿಸಬೇಕೋ ಬೇಡವೋ ಅಂತ ಯಾರೂ ಕೇಳಲಿಲ್ಲ, ನಾನೇ ಎಲ್ಲರಿಗಿಂತ ಮುಂದೆ ಹೋಗಿ ಅವರನ್ನು ಕೈಹಿಡಿದು ಹತ್ತಿಸಿಕೊಂಡೆ. ಅಟ್ಟದ ಹಲಗೆ ಕಿರುಗುಟ್ಟತೊಡಗಿತು. ಅಳುತ್ತಿದ್ದ ಗೌಡರ ಗಡ್ಡ ಒಂದು ಕಡೆ ಕಿತ್ತುಬಂದು ಜೋತಾಡುತ್ತಿತ್ತು, ಅದನ್ನು ಕಂಡು ಮಗುವೊಂದು ಕೇಕೆ ಹಾಕಿ ನಕ್ಕಿತು. ಅದರ ಹಿಂದೆಯೇ ನಾವೆಲ್ಲ ನಕ್ಕೆವು, ಸೋಮಣ್ಣನೂ.

"ನಿಧಾನಕ್ ಬರ್ರಪ್ಪೋ, ಅಟ್ಟ ಕುಸಿದು ಬಿದ್ದಾತು" ಎಂದು ಗೌಡರು ಗಡ್ಡ ಹಿಡಿದುಕೊಂಡೇ ಕೂಗಿದರು.

ಪರದೆಯವನು ಹೆದರಿ ಹಗ್ಗ ಸಡಿಲಿಸಿದ. ಮೇಡಂ ಓಡಿಬಂದು ಅವನ ಕೈಯಿಂದ ಹಗ್ಗ ಕಿತ್ತುಕೊಂಡರು. ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಬಿಡಬೇಡ, ತಡಿ" ಎಂದರು. "ಇನ್ನೂ ಬರ್ತಾ ಇದ್ದಾರೆ."